ಎರೆಮಣ್ಣಿನಲ್ಲಿ ಕರಿಬೇವಿನ ಚಿಗುರು ಹಳದಿಯಾಗುತ್ತಿದೆ

ಪ್ರಶ್ನೆ (ಗದಗ): ನಮ್ಮ ಹಿತ್ತಲಿನ ಎರೆಮಣ್ಣಿನಲ್ಲಿ ನೆಟ್ಟ ಕರಿಬೇವಿನ ಚಿಗುರೆಲೆಗಳು ಹಳದಿಗಟ್ಟಿದ್ದು, ನರಗಳು ಮಾತ್ರ ಹಸಿರಾಗಿ ಉಳಿದಿವೆ. ಸಗಣಿ ಗೊಬ್ಬರ ಕೊಟ್ಟರೂ ಗುಣ ಕಂಡಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ (ಹುಬ್ಬಳ್ಳಿ): ಎಳೆಯ ಎಲೆಗಳಲ್ಲೇ ಹೀಗಾದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ನಮ್ಮ ಕಡೆಯ ಎರೆಮಣ್ಣಿನಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ, ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ದಕ್ಕುವುದಿಲ್ಲ. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಿರಿ. ಆಮೇಲೆ ಹೊಸ ಚಿಗುರು ಅಚ್ಚ ಹಸಿರಾಗಿ ಒಡೆಯುವುದನ್ನು ನೋಡುವುದೇ ಒಂದು ಸಂತೋಷ.

ಉತ್ತರ (ಧಾರವಾಡ): ಬುಡದಲ್ಲಿ ನೀರು ನಿಲ್ಲುತ್ತದೆಯೇ ಎಂಬುದನ್ನೂ ನೋಡಿರಿ. ಮಳೆಗಾಲದಲ್ಲಿ ಎರೆಮಣ್ಣು ಉಬ್ಬಿಕೊಂಡು ಬೇರಿಗೆ ಗಾಳಿಯಾಡದಂತಾದಾಗಲೂ ಇದೇ ಲಕ್ಷಣ ಕಾಣಿಸುತ್ತದೆ.

ಪ್ರಶ್ನೆ ಕೇಳಿದವರು: ನೀರು ನಿಲ್ಲುವುದು ನಿಜ. ನಾಳೆಯೇ ಬುಡದಿಂದ ಸಣ್ಣ ಕಾಲುವೆ ತೆಗೆದು, ಸಂಜೆ ಸಿಂಪಡಿಸುತ್ತೇನೆ.