ಅಪ್‌ಡೇಟ್: ಅಮ್ಮನ ಜಿಸ್ಟ್ ಗಡ್ಡೆ ಮಕ್ಕಳಿಗೂ ಬರುತ್ತದೆಯೇ ಎಂದು ಕೇಳಿದ್ದೆ

62 ವರ್ಷದ ನಮ್ಮ ತಾಯಿಯವರ ಜಠರದಿಂದ ಜಿಸ್ಟ್ (ಜಠರ, ಕರುಳಿನ ಗೋಡೆಯಲ್ಲಿ ಬೆಳೆಯುವ ಒಂದು ಬಗೆಯ ಕ್ಯಾನ್ಸರ್) ಗಡ್ಡೆಯನ್ನು ತೆಗೆದ ಮೇಲೆ, ಅದು ಖಾರದ ಊಟದಿಂದ ಬಂದಿತೇ, ನಮಗೂ ಬರಬಹುದೇ ಎಂದು ಹದಿನೈದು ದಿನಗಳ ಹಿಂದೆ ಕೇಳಿದ್ದೆ.

ಖಾರ ಬಿಡಿಸಿ ಎಂಬ ಸಲಹೆಯಿಂದ ಪ್ರಯೋಜನವಾಗಲಿಲ್ಲ. ಆಹಾರಕ್ಕೂ ಈ ಗಡ್ಡೆಗೂ ಖಚಿತವಾದ ನಂಟು ಕಂಡುಬಂದಿಲ್ಲ, 50 ದಾಟಿದ ವಯಸ್ಸೇ ಮುಖ್ಯ ಅಪಾಯಾಂಶ ಎಂದು ಕ್ಯಾನ್ಸರ್ ತಜ್ಞರು ಹೇಳಿದ ದಿನವೇ ಅಮ್ಮ ಮಾವಿನಮಿಡಿ ಉಪ್ಪಿನಕಾಯಿಯ ಭರಣಿ ಕೇಳಿದರು. ಉಪಯೋಗಕ್ಕೆ ಬಂದದ್ದು ಜೀನ್ ಪರೀಕ್ಷೆ ಮಾಡಿಸಿ ಎಂದವರ ಮಾತು, ಅವರಿಗೆ ಮನಃಪೂರ್ವಕ ಧನ್ಯವಾದಗಳು. ಗಡ್ಡೆಯ ತುಣುಕಿನಲ್ಲಿ ಕಿಟ್ ಎಂಬ ಜೀನಿನ 11ನೇ ಎಕ್ಸಾನ್ ಎಂಬ ಭಾಗದಲ್ಲಿ ಬದಲಾವಣೆ ಸಿಕ್ಕಿತು. ಅದೇ ಬದಲಾವಣೆ ರಕ್ತದಲ್ಲಿ ಇರಲಿಲ್ಲವಾದ್ದರಿಂದ ಅದು ವಂಶಪಾರಂಪರ್ಯವಾಗಿ ಬಂದದ್ದಲ್ಲವೆಂದು ತಿಳಿದು, ನಾನೂ ತಂಗಿಯೂ ನಿಟ್ಟುಸಿರು ಬಿಟ್ಟೆವು.

ನನಗೆ ಅಚ್ಚರಿಯಾದದ್ದು, ವೈದ್ಯರು ಅಮ್ಮನ ತೋಳು, ಬೆನ್ನನ್ನು ಕಿಟಕಿಯ ಬೆಳಕಿನಲ್ಲಿ ನೋಡಿ ಹಾಲು ಬೆರೆಸಿದ ಕಾಫಿಯ ಬಣ್ಣದ ಮಚ್ಚೆಗಳಿವೆಯೇ ಎಂದು ಹುಡುಕಿದ್ದು. ಅಂತಹ ಮಚ್ಚೆಗಳು ಮೂಡುವ ನ್ಯೂರೋಫೈಬ್ರೊಮಟೋಸಿಸ್ 1 ಎಂಬ ಆನುವಂಶಿಕ ಕಾಯಿಲೆ ಇರುವವರಿಗೆ ಜಿಸ್ಟ್ ಅಪಾಯ ಹೆಚ್ಚು, ಅವರಲ್ಲಿ ಗಡ್ಡೆಗಳು ಬಹುತೇಕ ಸಣ್ಣ ಕರುಳಿನಲ್ಲಿ ಏಳುತ್ತವೆ. ಚಿಕ್ಕ ವಯಸ್ಸಿನಲ್ಲೇ ಗಡ್ಡೆ ಬಂದಿದ್ದರೆ ಅಥವಾ ಮನೆಯಲ್ಲಿ ಇಬ್ಬರಿಗೆ ಬಂದಿದ್ದರೆ ಜೀನ್ ಸಲಹೆಗಾರರನ್ನು ಕಾಣಲೇಬೇಕು. ಅಮ್ಮನಿಗೆ ಈಗ ದಿನಕ್ಕೆ 400 ಮಿಲಿಗ್ರಾಂ ಇಮಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ನಡೆಯುತ್ತಿದೆ.