5ನೇ ಕ್ರಾಸ್ ನಿವಾಸಿಗಳು, ಕುವೆಂಪುನಗರ

ಸುಧಾ (ಮೇಲ್ಮನೆ), ಬೆಳಗ್ಗೆ 4:52
ಯಾರೂ ಗುಡ್ ಮಾರ್ನಿಂಗ್ ಹಾಕ್ಬೇಡಿ ಇವತ್ತು. ನಮ್ಮತ್ತೆ ರಾತ್ರಿಯೆಲ್ಲಾ ಕಿರುಚಿದಾರೆ, ಸರ್ಪಸುತ್ತಿನ ಗುಳ್ಳೆ ಒಣಗಿ ತಿಂಗಳಾದ್ರೂ ಬೆನ್ನು ಬೆಂಕಿ ಇಟ್ಟಂಗೆ ಉರಿಯುತ್ತಂತೆ, ರವಿಕೆ ಬಟ್ಟೆ ತಾಗಿದ್ರೂ ಆಗಲ್ಲ. 3 ಗಂಟೆಗೆ ಆಟೋ ಕರೆಸಿದ್ರೆ ಕ್ರಾಸ್ ಒಳಗೆ ಬರಕ್ಕೇ ಜಾಗ ಇಲ್ಲ, ಅದೇ ಬಿಳಿ ಕಾರು. ಹೋದ್ವರ್ಷ ಮೀಟಿಂಗಲ್ಲಿ ವಯಸ್ಸಾದೋರಿಗೆ ಲಸಿಕೆ ಕ್ಯಾಂಪ್ ಮಾಡ್ಸೋಣ ಅಂದಿದ್ದೆ, ಎಲ್ಲಾ ಸೇರಿ ಆರ್ಕೆಸ್ಟ್ರಾ ಮಾಡ್ಸಿದ್ರಿ. ಸಂತೋಷ!

ಪುಟ್ಟಸ್ವಾಮಿ (ಕಾರ್ನರ್)
ಅಮ್ಮ, ಆರ್ಕೆಸ್ಟ್ರಾ ಸರ್ವಾನುಮತದ ತೀರ್ಮಾನ. ಮಿನಿಟ್ಸ್ ಬುಕ್ ನನ್ನ ಹತ್ರಾನೇ ಇದೆ.

ಪುಟ್ಟಸ್ವಾಮಿ (ಕಾರ್ನರ್)
ಸರ್ಪಸುತ್ತಿಗೆ ಕೆಮ್ಮಣ್ಣು ಹಚ್ಚಿ ಮಂತ್ರ ಹಾಕಿಸಬೇಕು. ತಲೆ ಬಾಲ ಸೇರಿದ್ರೆ ಜೀವಕ್ಕೇ ಅಪಾಯ.

ಶ್ಯಾಮಲಾ ಮೇಡಂ
ಪುಟ್ಟಸ್ವಾಮಿಯವ್ರೇ, ತಲೇನೂ ಇಲ್ಲ ಬಾಲಾನೂ ಇಲ್ಲ, ಅದು ಚಿಕ್ಕಂದಲ್ಲಿ ಅಮ್ಮ (ಚಿಕನ್‌ಪಾಕ್ಸ್) ಆಗಿರುತ್ತಲ್ಲ ಅದೇ ವೈರಸ್ಸು, ವಾಸಿ ಆದ್ಮೇಲೂ ನರದಲ್ಲಿ ಮಲಗಿರುತ್ತೆ, ವಯಸ್ಸಾಗಿ ಶಕ್ತಿ ಕುಗ್ಗಿದಾಗ ಎದ್ದು ಬರುತ್ತೆ. ಗುಳ್ಳೆ ಕಂಡ 72 ಗಂಟೆ ಒಳಗೆ ಡಾಕ್ಟ್ರು ಮಾತ್ರೆ ಶುರು ಮಾಡಿದ್ರೆ ಒಳ್ಳೇದು, ನಾವು ಆ ಮೂರು ದಿನಾನ ಕೆಮ್ಮಣ್ಣಲ್ಲೇ ಕಳೀತೀವಿ. 50 ದಾಟಿದೋರಿಗೆ ಲಸಿಕೆ 2023ರಿಂದ ನಮ್ಮ ದೇಶದಲ್ಲೂ ಸಿಗ್ತಿದೆ, ಎರಡು ಡೋಸು, ಮಧ್ಯ 2ರಿಂದ 6 ತಿಂಗಳು ಗ್ಯಾಪ್. ಒಮ್ಮೆ ಬಂದೋರೂ ವಾಸಿ ಆದ್ಮೇಲೆ ಹಾಕಿಸ್ಕೋಬಹುದು ಸುಧಾ, ಡಾಕ್ಟ್ರನ್ನ ಕೇಳು.

ಮಂಜು (ಬಿಳಿ ಕಾರು)
ನನ್ ಹೆಸ್ರು ಮುಂದೆ ಬಿಳಿ ಕಾರು ಅಂತ ಸೇವ್ ಮಾಡಿರೋರು ಯಾರ್ರೀ? ಕಾರ್ ನನ್ನ ಗೇಟ್ ಮುಂದೇನೇ ನಿಲ್ಸಿದ್ದು. ಎದುರುಗಡೆ ಮರಳು ಸುರಿದಿರೋರನ್ನ ಕೇಳಿ.

ನಾಗರತ್ನಮ್ಮ
ಮರಳು ನಾಳೆ ಎತ್ತುತಾರೆ

ಮಂಜು (ಬಿಳಿ ಕಾರು)
ದಸರಾದಿಂದ ನಾಳೆ ನಾಳೆ ಅಂತಿದೀರ

ಗಿರೀಶ
(ಫಾರ್ವರ್ಡ್) ನಮ್ಮ ಮೈಸೂರಿನ ಹೆಮ್ಮೆ! 1805ರ ಸುಮಾರಿಗೆ ಥಾಮಸ್ ಹಿಕ್ಕಿ ಬಿಡಿಸಿದ ಚಿತ್ರ. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ಸೀರೆ ಸೆರಗು ಸರಿಸಿ ಸಿಡುಬಿನ ಲಸಿಕೆ ಹಾಕಿಸ್ಕೊಂಡ ತೋಳು ತೋರಿಸ್ತಿದ್ದಾರೆ ಅಂತ ಇತಿಹಾಸಕಾರರ ಅಭಿಪ್ರಾಯ. ಎಲ್ಲರಿಗೂ ಶೇರ್ ಮಾಡಿ.

ಶ್ಯಾಮಲಾ ಮೇಡಂ
ಅಪರೂಪಕ್ಕೆ ಒಂದು ಒಳ್ಳೇ ಫಾರ್ವರ್ಡು.

ಪುಟ್ಟಸ್ವಾಮಿ (ಕಾರ್ನರ್)
ಈ ವಯಸ್ಸಲ್ಲಿ ಸೂಜಿ ಯಾಕೆ ಮೇಡಂ. ಒಂದು ಗುಳ್ಳೆಗೋಸ್ಕರ ಅಷ್ಟು ದುಡ್ಡು.

ಶ್ಯಾಮಲಾ ಮೇಡಂ
ಗುಳ್ಳೆಗೆ ಮಾತ್ರ ಅಲ್ಲ ಸ್ವಾಮಿ, ಕೇಳಿ. ಬ್ರಿಟನ್ನಿನ ವೇಲ್ಸ್‌ನಲ್ಲಿ 2013ರಲ್ಲಿ ಈ ಲಸಿಕೆ ಶುರು ಮಾಡ್ದಾಗ 1933 ಸೆಪ್ಟೆಂಬರ್ 2ಕ್ಕೆ ಮುಂಚೆ ಹುಟ್ಟಿದೋರಿಗೆ ಇಲ್ಲ, ಆಮೇಲೆ ಹುಟ್ಟಿದೋರಿಗೆ ಉಂಟು ಅಂತ ಗೆರೆ ಎಳೆದ್ರು. ಗೆರೆ ಆಚೆ ಈಚೆ ಒಂದೆರಡು ವಾರದ ವ್ಯತ್ಯಾಸದಲ್ಲಿ ಹುಟ್ಟಿದ ಜನ ಬೇರೆ ಎಲ್ಲಾದ್ರಲ್ಲೂ ಒಂದೇ ಥರ ಅಲ್ವಾ, ಏಳು ವರ್ಷ ಆದ್ಮೇಲೆ ನೋಡಿದ್ರೆ ಲಸಿಕೆ ಹಾಕಿಸ್ಕೊಂಡೋರಲ್ಲಿ ಮರೆವಿನ ಕಾಯಿಲೆ ಸುಮಾರು 20% ಕಡಿಮೆ, ಹೆಂಗಸರಲ್ಲಿ ಇನ್ನೂ ಚೆನ್ನಾಗಿ. 2025ರಲ್ಲಿ ನೇಚರ್ ಪತ್ರಿಕೇಲಿ ಬಂತು. ಅದು ಹಳೇ ಥರದ ಲಸಿಕೆ, ಈಗ ಇಲ್ಲಿ ಸಿಗೋದು ಬೇರೆ, ಅದಕ್ಕೆ ಅಷ್ಟೇ ಲಾಭ ಅಂತ ನಾನು ಹೇಳಲ್ಲ.

ಗಿರೀಶ
ಮರೆವು ಬಂದ್ರೆ ಒಳ್ಳೇದಲ್ವಾ ಮೇಡಂ, ನಮ್ಮನೆಯವ್ಳು ಹಳೇ ಜಗಳ ಎಲ್ಲಾ ತೆಗೀತಾಳೆ

ಗಿರೀಶನ ಮಿಸೆಸ್
ಈ ಗ್ರೂಪಲ್ಲಿ ನಾನೂ ಇದೀನಿ

ಶ್ಯಾಮಲಾ ಮೇಡಂ
ಫ್ಲೂ ಲಸಿಕೇನೂ ಹಂಗೇ, ಬರೀ ನೆಗಡಿ ಜ್ವರದ್ದು ಅಂದ್ಕೋತೀವಿ. ಫ್ಲೂ ಪತ್ತೆಯಾದ ಮೊದಲ ವಾರದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಸುಮಾರು ಆರು ಪಟ್ಟು ಅಂತ ಕೆನಡಾದಲ್ಲಿ 2018ರಲ್ಲೇ ಲೆಕ್ಕ ಕೊಟ್ಟಿದಾರೆ. ಹಾರ್ಟ್ ಅಟ್ಯಾಕ್ ಆಗಿ ಆಸ್ಪತ್ರೇಲಿದ್ದೋರಿಗೆ ಫ್ಲೂ ಲಸಿಕೆ ಹಾಕಿ ಒಂದು ವರ್ಷ ನೋಡಿದ ಇನ್ನೊಂದು ಅಧ್ಯಯನ ಇದೆ, ಲಸಿಕೆ ಇಲ್ಲದ ಸುಳ್ಳು ಸೂಜಿ ಹಾಕಿದ ಗುಂಪಲ್ಲಿ ಸಾವು 4.9%, ಲಸಿಕೆ ಗುಂಪಲ್ಲಿ 2.9%. ಪುಟ್ಟಸ್ವಾಮಿಯವ್ರೇ ನಿಮಗೆ ಸ್ಟೆಂಟ್ ಆಗಿದೆ, ಅದಕ್ಕೇ ಇಷ್ಟು ಬರೆದೆ.

ಪುಟ್ಟಸ್ವಾಮಿ (ಕಾರ್ನರ್)
ನನ್ನ ಸ್ಟೆಂಟ್ ವಿಷಯ ಗ್ರೂಪಲ್ಲಿ ಯಾಕೆ?

ನಾಗರತ್ನಮ್ಮ
ಎಲ್ರಿಗೂ ಗೊತ್ತಲ್ಲ ಸ್ವಾಮಿ, ನೀವೇ ಎಕ್ಸ್‌ರೇ ಹಾಕಿದ್ರಿ

ಪ್ರಕಾಶ (ಮೆಡಿಕಲ್ಸ್)
ಒಂದು ನರ್ಸಿಂಗ್ ಹೋಮ್‌ನೋರು ನಮ್ಮ ಭವನಕ್ಕೇ ಬಂದು ಹಾಕ್ತಾರಂತೆ, 20 ಜನ ಆದ್ರೆ ರೇಟ್ ಕಮ್ಮಿ. ಫ್ಲೂ, ನ್ಯುಮೋನಿಯಾ, ಸರ್ಪಸುತ್ತು ಮೂರೂ. ಸರ್ಪಸುತ್ತಿಂದು ಬಹಳ ದುಬಾರಿ, ಫ್ಲೂದು ಕೈಗೆಟುಕುತ್ತೆ ಆದ್ರೆ ಪ್ರತಿ ವರ್ಷ ಬೇಕು. ಶುಗರ್ ಬಿಪಿ ಇರೋರು ಡಾಕ್ಟ್ರ ಚೀಟಿ ತನ್ನಿ. ಹೆಸ್ರು ಕೊಡಿ.

ಸುಧಾ (ಮೇಲ್ಮನೆ)
1. ನಮ್ಮ ಮಾವ 2. ನಮ್ಮತ್ತೆ (ಡಾಕ್ಟ್ರು ಹೂಂ ಅಂದ್ರೆ)

ಶ್ಯಾಮಲಾ ಮೇಡಂ
3. ನಾನು

ಮಂಜು (ಬಿಳಿ ಕಾರು)
ಭವನದ ಕೀ ಯಾರ ಹತ್ರ ಇದೆ?

ಪುಟ್ಟಸ್ವಾಮಿ (ಕಾರ್ನರ್)
ಕೀ ನನ್ನ ಹತ್ರ. ಸಂಘದ ಬಾಕಿ ಕಟ್ಟದೇ ಇರೋರಿಗೆ ಭವನ ಕೊಡಲ್ಲ.

ಮಂಜು (ಬಿಳಿ ಕಾರು)
ಬಾಕಿ ಯಾವ ಲೆಕ್ಕದ್ದು? ಆರ್ಕೆಸ್ಟ್ರಾ ಲೆಕ್ಕ ಕೊಟ್ರಾ ನೀವು?

(ಮಂಜು ಗುಂಪು ತೊರೆದರು)

ರಾಜಣ್ಣ (ಸೆಕ್ರೆಟರಿ)
ಎಲ್ಲರಿಗೂ ನಮಸ್ಕಾರ, ಈಗ ನೋಡಿದೆ. ಭಾನುವಾರ 10 ಗಂಟೆಗೆ ಮೀಟಿಂಗ್. ವಿಷಯ: ಕ್ರಾಸ್‌ನಲ್ಲಿ ಪಾರ್ಕಿಂಗ್, ಪ್ರತಿ ಮನೆಗೆ ಒಂದೇ ಕಾರ್ ಸ್ಟಿಕರ್, ಮರಳು, ಆರ್ಕೆಸ್ಟ್ರಾ ಲೆಕ್ಕ, ಇತರೆ.

ಸುಧಾ (ಮೇಲ್ಮನೆ)
ಲಸಿಕೆ?

ರಾಜಣ್ಣ (ಸೆಕ್ರೆಟರಿ)
ಇತರೆಯಲ್ಲಿ ಬರುತ್ತಮ್ಮ

ಪ್ರಕಾಶ (ಮೆಡಿಕಲ್ಸ್)
ಮೂರೇ ಆಗಿದೆ, ಇನ್ನೂ ಯಾರಾದ್ರೂ ಇದ್ರೆ ಸಂಜೆ ಒಳಗೆ ಹೆಸ್ರು ಕಳ್ಸಿ

ನಾಗರತ್ನಮ್ಮ
4. ನಾಗರತ್ನ. ನಮ್ಮದು ಎರಡು ಕಾರಿದೆ, ಎರಡು ಸ್ಟಿಕರ್ ಕೊಡಿ