ಬೌಲಿಂಗ್: 10ನೇ ಪಿನ್ ಸ್ಪೇರ್ ಕೈಗೆ ಹತ್ತುತ್ತಿಲ್ಲ, ಯಾವ ಅಭ್ಯಾಸ ಮಾಡಲಿ?

ಪ್ರಶ್ನೆ: ಬಲಗೈ ಆಟ, ರಿಯಾಕ್ಟಿವ್ ಬಾಲ್ (ಲೇನ್ ಹಿಡಿದು ಜಾಸ್ತಿ ತಿರುಗೋ ಬಾಲ್). ತೊಂದರೆ ಸ್ಪೇರ್‌ನಲ್ಲಿ, ಅಂದರೆ ಮೊದಲ ಎಸೆತಕ್ಕೆ ಉಳಿದ ಪಿನ್ನನ್ನು ಎರಡನೇ ಎಸೆತದಲ್ಲಿ ಬೀಳಿಸೋದರಲ್ಲಿ. 7ನೇ ಪಿನ್ (ಹಿಂದಿನ ಸಾಲಿನ ಎಡ ಮೂಲೆ) ಉಳಿದರೆ ಸಾಮಾನ್ಯವಾಗಿ ಬೀಳುತ್ತೆ. 10 (ಬಲ ಮೂಲೆ) ಉಳಿದರೆ ಬಾಲ್ ಒಂದೋ ಪಿನ್ನಿನ ಎಡಕ್ಕೆ ತಿರುಗುತ್ತೆ, ಇಲ್ಲಾ ಲೇನಿನ ಪಕ್ಕದ ಗಟರ್‌ಗೆ ಬೀಳುತ್ತೆ. ಎಡಗಾಲು 30ನೇ ಬೋರ್ಡ್ (ಲೇನಿನ ಮರದ ಪಟ್ಟಿ, ಬಲದಿಂದ ಎಣಿಸಿದರೆ) ಮೇಲೆ ನಿಲ್ಲುತ್ತೆ, ಗುರಿ ಲೇನಿನ ಮೇಲಿರೋ ಬಾಣದ ಗುರುತುಗಳಲ್ಲಿ ಬಲದಿಂದ ಮೂರನೆಯದು, ಅಂದರೆ ಮೂರನೇ ಆ್ಯರೋ.

ಉತ್ತರ 1: ನಿಮ್ಮ ಗೆರೆಯಲ್ಲೇ ತೊಂದರೆ ಇದೆ. ಕಾಲು 30ರಲ್ಲಿದ್ದರೆ ಬಾಲ್ ನೆಲ ಮುಟ್ಟೋದು ಸುಮಾರು 23ರಲ್ಲಿ. ಅಲ್ಲಿಂದ 15ನೇ ಬೋರ್ಡ್ (ಮೂರನೇ ಆ್ಯರೋ) ದಾಟಿ ನೇರ ಹೋದರೆ 43 ಅಡಿಯ ಆಸುಪಾಸಿನಲ್ಲೇ ಗಟರ್. ಪಿನ್ ಇರೋದು 60 ಅಡಿಯಾಚೆ. ಅಂದರೆ ಹುಕ್ ಆಗಿ (ಎಡಕ್ಕೆ ತಿರುಗಿ) ವಾಪಸ್ ಬಂದರೆ ಮಾತ್ರ ಪಿನ್ ಸಿಗುತ್ತೆ. ಲೇನಿನ ಅಂಚಿನಲ್ಲಿ ಎಣ್ಣೆ ಕಮ್ಮಿ, ಹಾಗಾಗಿ ವಾಪಸ್ ಎಷ್ಟು ಬರುತ್ತೆ ಅನ್ನೋದು ದಿನಕ್ಕೊಂದು ಥರ.

ಸ್ಪೇರ್‌ಗೆ ಪ್ಲಾಸ್ಟಿಕ್ ಬಾಲ್ ತಗೊಳ್ಳಿ, ಅದು ಅಷ್ಟು ತಿರುಗಲ್ಲ. ಎಡಗಾಲು 32ರಲ್ಲಿ, ಗುರಿ ನಾಲ್ಕನೇ ಆ್ಯರೋ (20ನೇ ಬೋರ್ಡ್), ಭುಜ 10ನೇ ಪಿನ್ನಿನ ಕಡೆಗೆ. ಬಿಡುವಾಗ ಅಂಗೈ ಬಾಲಿನ ಹಿಂದೆಯೇ ಇರಲಿ, ಮಣಿಕಟ್ಟು ತಿರುಗಿಸಬೇಡಿ. 10ನೇ ಪಿನ್ ಕೂತಿರೋದು 3ನೇ ಬೋರ್ಡ್ ಹತ್ತಿರ, ಆದರೆ ಬಾಲ್ ಬರಬೇಕಾದ್ದು 4–5ರ ಮೇಲೆ. ಆ್ಯರೋ ಹತ್ತಿರ ಒಂದು ಬೋರ್ಡ್ ತಪ್ಪಿದರೆ ಪಿನ್ ಹತ್ತಿರ ನಾಲ್ಕು ತಪ್ಪುತ್ತೆ, ಆದ್ದರಿಂದ ನಿಮಗಿರೋ ಸಲಿಗೆ ಅತ್ತ ಒಂದು, ಇತ್ತ ಒಂದು ಬೋರ್ಡ್ ಅಷ್ಟೇ.

ಪ್ರಶ್ನೆ ಕೇಳಿದವರು: ಅಭ್ಯಾಸಕ್ಕೆ 10 ಒಂದನ್ನೇ ನಿಲ್ಲಿಸೋ ವ್ಯವಸ್ಥೆ ನಮ್ಮಲ್ಲಿಲ್ಲ. ಪ್ರತಿ ಸಲ ಹತ್ತೂ ಪಿನ್ ಬರುತ್ತೆ.

ಉತ್ತರ 2: ಅದೇ ಸಾಕು. ಹತ್ತೂ ನಿಂತಿರುವಾಗ ಮೂಲೆಗೇ ಹೊಡೆಯಿರಿ. 10 ಮಾತ್ರ ಬೀಳಿಸಬೇಕು ಅನ್ನೋ ಆಟ ಜನಪ್ರಿಯ, ಆದರೆ ಅದರ ಮುಂದಿನ ಸಾಲಿನ 6ನ್ನು ಮುಟ್ಟದೆ ಹೋಗಬೇಕಾದರೆ ಬಾಲ್ ಕೊನೆಯ ಎರಡು ಬೋರ್ಡ್‌ಗೆ ಅಂಟಿಕೊಂಡಿರಬೇಕು. ಹೊಸಬರಿಗೆ ಅದು ಗಟರಿನ ಅಭ್ಯಾಸವೇ ಆಗುತ್ತೆ. ಹೀಗೆ ಲೆಕ್ಕ ಇಡಿ: ಬಾಲ್ ಗಟರ್‌ಗೂ ಬೀಳದೆ, 6ರ ಮುಂದಿನ ಸಾಲಿನ 3ನೇ ಪಿನ್ನನ್ನೂ ಮುಟ್ಟದೆ ದಾಟಿದರೆ ಪಾಸ್. 6 ಬಿದ್ದರೂ ಚಿಂತೆಯಿಲ್ಲ, ಒಂಟಿ 10 ಆಗಿದ್ದರೆ ಆ ಬಾಲಿಗೆ ಸಿಕ್ಕೇ ಸಿಗುತ್ತಿತ್ತು.

ಹತ್ತು ಎಸೆತಕ್ಕೊಂದು ಸುತ್ತು. ಆ್ಯರೋ ಹತ್ತಿರ ಬಾಲ್ ದಾಟಿದ ಬೋರ್ಡ್ ಯಾವುದು ಅಂತ ಪಿನ್ ನೋಡುವ ಮೊದಲೇ ಬಾಯಲ್ಲಿ ಹೇಳಿ. 20ನ್ನೇ ದಾಟಿದರೂ ಬಾಲ್ ಎಡಕ್ಕೆ ಹೋಗುತ್ತಿದ್ದರೆ ಕಾಲನ್ನು ಒಂದು ಬೋರ್ಡ್ ಎಡಕ್ಕೆ ಸರಿಸಿ. ಪಿನ್ ಹತ್ತಿರ ಅದು ಸುಮಾರು ಮೂರು ಬೋರ್ಡ್ ಬಲಕ್ಕೆ ಹೋಗುತ್ತೆ. 20ನ್ನೇ ದಾಟದಿದ್ದರೆ ಕಾಲು ಮುಟ್ಟಬೇಡಿ, ತಪ್ಪು ತೋಳಿನದು. ಹತ್ತಕ್ಕೆ ಎಂಟು ಬಂದ ಮೇಲೆ 7 ಮತ್ತು 10ಕ್ಕೆ ಒಂದಾದ ಮೇಲೊಂದು ಹೊಡೆಯಿರಿ.